ಸಂಖ್ಯಾಶಾಸ್ತ್ರೀಯ ದತ್ತಾಂಶ

ಸಂಖ್ಯಾಶಾಸ್ತ್ರೀಯ ದತ್ತಾಂಶವೆಂದರೆ ನಿರ್ದಿಷ್ಟ ಉದ್ದೇಶದಿಂದ ಕ್ರಮಬದ್ಧವಾಗಿ ಸಂಗ್ರಹಿಸಲಾದ, ಪರಸ್ಪರ ಹೋಲಿಸಬಹುದಾದ ಮಾಹಿತಿಯ ಸಮೂಹ. ಒಬ್ಬ ವಿದ್ಯಾರ್ಥಿಯ ಎತ್ತರವು ಬಿಡಿ ಅಂಕಿ ಮಾತ್ರ; ಇಡೀ ತರಗತಿಯವರ ಎತ್ತರವನ್ನು ಒಂದೇ ಮಾನದಲ್ಲಿ ಅಳೆದು ದಾಖಲಿಸಿದಾಗ ಅದು ದತ್ತಾಂಶವೆನಿಸುತ್ತದೆ.

ವಿಧಗಳು
ಎತ್ತರ, ಆದಾಯ ಮುಂತಾದವು ಪರಿಮಾಣಾತ್ಮಕ ದತ್ತಾಂಶಗಳು. ಮಾತೃಭಾಷೆ, ವೃತ್ತಿ ಮುಂತಾದವು ಗುಣಾತ್ಮಕ. ಅಧ್ಯಯನಕಾರರು ತಾವೇ ಸಂಗ್ರಹಿಸಿದ್ದು ಪ್ರಾಥಮಿಕ ದತ್ತಾಂಶ, ಇತರರು ಸಂಗ್ರಹಿಸಿದ್ದನ್ನು ಬಳಸಿಕೊಂಡರೆ ಅದು ದ್ವಿತೀಯಕ ದತ್ತಾಂಶ.

ಸಮಷ್ಟಿ ಮತ್ತು ಮಾದರಿ
ಅಧ್ಯಯನಕ್ಕೆ ಒಳಪಡುವ ಎಲ್ಲ ಘಟಕಗಳ ಗುಂಪನ್ನು ಸಮಷ್ಟಿ ಎಂದೂ, ಅದರಿಂದ ಆಯ್ದ ಭಾಗವನ್ನು ಮಾದರಿ ಎಂದೂ ಕರೆಯುತ್ತಾರೆ. ಜನಗಣತಿಯು ಇಡೀ ಸಮಷ್ಟಿಯನ್ನು ಎಣಿಸುತ್ತದೆ. 2011ರ ಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ಮಾದರಿ ಸಮೀಕ್ಷೆಯಲ್ಲಿ ಗಾತ್ರದಷ್ಟೇ ಆಯ್ಕೆಯ ವಿಧಾನವೂ ಮುಖ್ಯ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ಪತ್ರಿಕೆಯು 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಆಧರಿಸಿ ಆಲ್ಫ್ ಲ್ಯಾಂಡನ್ ಗೆಲ್ಲುವರೆಂದು ಸೂಚಿಸಿತ್ತು. ಆದರೆ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಜಯಗಳಿಸಿದರು. ಹೆಸರುಗಳನ್ನು ಬಹುಪಾಲು ದೂರವಾಣಿ ಹಾಗೂ ಕಾರು ಹೊಂದಿದವರ ಪಟ್ಟಿಗಳಿಂದ ಆಯ್ದದ್ದು ಮತ್ತು ಹೆಚ್ಚಿನವರು ಉತ್ತರಿಸದೇ ಹೋದದ್ದು ಇದಕ್ಕೆ ಕಾರಣಗಳು.

ಸರಾಸರಿ ಮತ್ತು ಮಧ್ಯಾಂಕ
ಐದು ಕುಟುಂಬಗಳ ಮಾಸಿಕ ಆದಾಯ ಕ್ರಮವಾಗಿ 10, 12, 14, 16 ಮತ್ತು 98 ಸಾವಿರ ರೂಪಾಯಿ ಎಂದಿಟ್ಟುಕೊಂಡರೆ, ಸರಾಸರಿ 30 ಸಾವಿರ. ಏರಿಕೆ ಕ್ರಮದಲ್ಲಿ ನಡುವಿನ ಬೆಲೆಯಾದ ಮಧ್ಯಾಂಕ 14 ಸಾವಿರ. ನಾಲ್ಕು ಕುಟುಂಬಗಳ ಆದಾಯ ಸರಾಸರಿಯ ಸಮೀಪಕ್ಕೂ ಬರುವುದಿಲ್ಲ. ಹೀಗೆ ಅತಿ ದೊಡ್ಡ ಬೆಲೆಗಳಿರುವ ದತ್ತಾಂಶದಲ್ಲಿ ಸಾಮಾನ್ಯ ಸ್ಥಿತಿಯನ್ನು ತಿಳಿಯಲು ಮಧ್ಯಾಂಕವು ಹೆಚ್ಚು ಸೂಕ್ತ.