ತಪ್ಪು ಎಲ್ಲೋ, ಸಾಲಿನ ಸಂಖ್ಯೆ ಇನ್ನೆಲ್ಲೋ

ನೂರು ಸಾಲಿನ ರೂಬಿ ಕಡತವೊಂದರಲ್ಲಿ ಹನ್ನೆರಡನೆಯ ಸಾಲಿಗೆ ಬರಬೇಕಿದ್ದ ‘ಎಂಡ್’ ಬಿಟ್ಟುಹೋಗಿದೆ ಎಂದುಕೊಳ್ಳಿ. ರೂಬಿ 1.8ರ ಕಾಲದಲ್ಲಿ ದೂರು ಬರುತ್ತಿದ್ದುದು ಕಡತದ ಕೊನೆಯ ಸಾಲಿನ ಮೇಲೆ: ‘ಅನ್‌ಎಕ್ಸ್‌ಪೆಕ್ಟೆಡ್ ಡಾಲರ್-ಎಂಡ್, ಎಕ್ಸ್‌ಪೆಕ್ಟಿಂಗ್ ಕೆ-ಎಂಡ್’. ಡಾಲರ್-ಎಂಡ್ ಅಂದರೆ ಕಡತ ಮುಗಿಯಿತು, ಕೆ-ಎಂಡ್ ಅಂದರೆ ‘ಎಂಡ್’ ಎಂಬ ಕೀವರ್ಡ್. ಇವು ಕೋಡನ್ನು ಓದಿ ಬಿಡಿಸುವ ಪಾರ್ಸರ್ ಬರೆದವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಹೆಸರುಗಳು. ಪಾರ್ಸರ್ ಸುಳ್ಳನ್ನೇನೂ ಹೇಳುತ್ತಿರಲಿಲ್ಲ. ‘ಎಂಡ್’ ಮುಂದೆಲ್ಲೋ ಬಂದೀತೆಂದು ಕೊನೆಯವರೆಗೂ ಕಾದು, ತಾನು ಸಿಕ್ಕಿಬಿದ್ದ ಜಾಗವನ್ನು ತೋರಿಸುತ್ತಿತ್ತು. ಬರೆದವರು ಎಡವಿದ ಜಾಗ ಅದಕ್ಕೆ ಗೊತ್ತಿರಲಿಲ್ಲ. ಈ ಎರಡು ಜಾಗಗಳ ನಡುವಿನ ದೂರವನ್ನು ತಗ್ಗಿಸುವ ಕೆಲಸವೇ ರೂಬಿಯ ಸಿಂಟ್ಯಾಕ್ಸ್ ಎರರ್‌ಗಳ ಚರಿತ್ರೆ.

ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ರೂಬಿಯನ್ನು ಹೊರತಂದರು. ಅದರ ವ್ಯಾಕರಣವೆಲ್ಲ ‘ಪಾರ್ಸ್.ವೈ’ ಎಂಬ ಒಂದೇ ಕಡತದಲ್ಲಿತ್ತು. ಅದನ್ನು ಬೈಸನ್ ಎಂಬ ಸಲಕರಣೆ ಪಾರ್ಸರ್ ಆಗಿ ಪರಿವರ್ತಿಸುತ್ತಿತ್ತು. ಬರೆಯುವವರಿಗೆ ಸಲೀಸಾದ ಭಾಷೆ ಪಾರ್ಸರ್‌ಗೆ ಪೀಕಲಾಟ. ಆವರಣ ಚಿಹ್ನೆ ಹಾಕುವುದೂ ಬಿಡುವುದೂ ಬರೆಯುವವರ ಇಷ್ಟ. ಹೆಸರೊಂದರ ಮುಂದೆ ಜಾಗ ಬಿಟ್ಟು ಚೌಕ ಕಂಸ ಬಂದರೆ, ಆ ಹೆಸರು ಲೋಕಲ್ ವೇರಿಯಬಲ್ ಆಗಿದ್ದಲ್ಲಿ ಒಂದು ಅರ್ಥ, ಮೆಥಡ್ ಆಗಿದ್ದಲ್ಲಿ ಬೇರೆಯೇ ಅರ್ಥ. ಓರೆಗೆರೆ ಕಂಡರೆ ಅದು ಭಾಗಾಕಾರವೋ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಆರಂಭವೋ ಎಂಬುದು ಹಿಂದುಮುಂದಿನದನ್ನು ನೋಡಿಯೇ ತೀರ್ಮಾನವಾಗಬೇಕು. ಹೀಗೆ ಗೋಜಲಾಗುತ್ತ ಆ ಕಡತ ಹತ್ತು ಸಾವಿರ ಸಾಲು ದಾಟಿತು. ಎರರ್ ಸಂದೇಶ ಚೆನ್ನಾಗಿರಲಿ ಎಂದು ಅದರೊಳಗೆ ಕೈಹಾಕುವ ಧೈರ್ಯ ಹೆಚ್ಚು ಮಂದಿಗೆ ಬರಲಿಲ್ಲ, ಅದು ಸಹಜವೇ.

ಆಗ ಕೈಯಲ್ಲಿದ್ದ ಉಪಾಯಗಳು ಸರಳ. ಹೈಫನ್-ಸಿ ಹಾಕಿ ಓಡಿಸಿದರೆ ಪ್ರೋಗ್ರಾಂ ನಡೆಯದೆ ಪರೀಕ್ಷೆ ಮಾತ್ರ ನಡೆದು ‘ಸಿಂಟ್ಯಾಕ್ಸ್ ಓಕೆ’ ಎಂದು ಬರುತ್ತದೆ. ರೂಬಿ 1.9ರಿಂದ ಹೈಫನ್-ಡಬ್ಲ್ಯು ಹಾಕಿದರೆ, ‘ಎಂಡ್’ ತನ್ನ ‘ಡೆಫ್’ನ ನೇರಕ್ಕೆ ಕೂತಿಲ್ಲವೆಂಬ ಎಚ್ಚರಿಕೆಯೂ ಸಿಗತೊಡಗಿತು. ಮಿಕ್ಕಂತೆ, ಅರ್ಧ ಕಡತವನ್ನು ಕಾಮೆಂಟ್ ಮಾಡಿ ತಪ್ಪು ಯಾವ ಅರ್ಧದಲ್ಲಿದೆ ಎಂದು ಹುಡುಕುವುದು.

1.9 ಇನ್ನೊಂದು ತಲೆನೋವನ್ನೂ ತಂದಿತ್ತು. ಕಡತದಲ್ಲಿರುವುದು ಬರೀ ಆಸ್ಕಿ ಅಕ್ಷರ ಎಂದು ಅದು ನಂಬಿಕೊಂಡಿತ್ತು. ಉದ್ಧರಣ ಚಿಹ್ನೆಯೊಳಗೆ ಒಂದು ಕನ್ನಡ ಪದ ಬರೆದರೆ ಸಾಕು, ‘ಇನ್‌ವ್ಯಾಲಿಡ್ ಮಲ್ಟಿಬೈಟ್ ಕ್ಯಾರ್’ ಎಂದು ನಿಂತುಬಿಡುತ್ತಿತ್ತು. ಮೊದಲ ಸಾಲಿನಲ್ಲಿ ಎನ್‌ಕೋಡಿಂಗ್ ಯಾವುದೆಂದು ಹೇಳುವ ಕಾಮೆಂಟ್ ಬೇಕಿತ್ತು. 2013ರ ರೂಬಿ 2.0ದಲ್ಲಿ ಯುಟಿಎಫ್-8 ತಾನಾಗಿಯೇ ಅನ್ವಯವಾಗಿ ಆ ಕಾಟ ತಪ್ಪಿತು.

ಆದರೆ ಆಸ್ಕಿಯ ಹೊರಗಿನ ಯಾವ ಅಕ್ಷರವನ್ನಾದರೂ ರೂಬಿ ಹೆಸರಿನ ಭಾಗವೆಂದೇ ಎಣಿಸುತ್ತದೆ. ಹೀಗಾಗಿ ವೇರಿಯಬಲ್‌ಗೆ ‘ಮೊತ್ತ’ ಎಂದು ಹೆಸರಿಡಬಹುದು. ಕ್ಲಾಸ್‌ಗೆ ಮಾತ್ರ ಆಗದು: ಅದರ ಹೆಸರು ದೊಡ್ಡಕ್ಷರದಿಂದ ಆರಂಭವಾಗಬೇಕು, ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಆಸ್ಕಿಯ ಹೊರಗಿನದೆಲ್ಲ ಹೆಸರೆಂಬ ನಿಯಮದಿಂದಲೇ, ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಕೋಡಿನಲ್ಲಿ ನಾನ್-ಬ್ರೇಕಿಂಗ್ ಸ್ಪೇಸ್ ನುಸುಳಿದ್ದರೆ ಅದೂ ಒಂದು ಹೆಸರಾಗುತ್ತದೆ. ‘ಸಿಂಟ್ಯಾಕ್ಸ್ ಓಕೆ’ ಎಂದ ಕಡತವೇ ಓಡುವಾಗ, ಕಣ್ಣಿಗೆ ಕಾಣದ ಹೆಸರಿನ ವೇರಿಯಬಲ್ ಇಲ್ಲವೆಂದು ದೂರುತ್ತದೆ. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೂ ಒಂದು ಗುಂಡಿ ಕಾದಿದೆ: ‘ಬಿಲ್’ ಎಂಬುದರ ಕೊನೆಯ ಅರೆವ್ಯಂಜನದ ಮುಂದೆ ಅದೃಶ್ಯವಾದ ಜೀರೋ ವಿಡ್ತ್ ನಾನ್-ಜಾಯಿನರ್ ಇದ್ದರೂ ಇಲ್ಲದಿದ್ದರೂ ಪರದೆಯಲ್ಲಿ ಒಂದೇ ರೂಪ, ರೂಬಿಗೆ ಅವು ಎರಡು ಹೆಸರು.

ಎಷ್ಟೋ ವೇಳೆ ಕೋಡಿನಲ್ಲಿ ತಪ್ಪೇ ಇರುವುದಿಲ್ಲ, ಓದುವ ರೂಬಿ ಹಳೆಯದಾಗಿರುತ್ತದೆ. ‘ಎಂಡ್’ ಇಲ್ಲದೆ ಒಂದೇ ಸಾಲಿನಲ್ಲಿ ಮೆಥಡ್ ಬರೆಯುವ ಸೌಲಭ್ಯ ಬಂದದ್ದು 3.0ದಲ್ಲಿ. ಮ್ಯಾಕ್‌ಓಎಸ್ ಜೊತೆಗೇ ಬರುವ 2.6ಕ್ಕೆ ಅದು ಅರ್ಥವಾಗದು. ಕೋಡನ್ನು ತಿದ್ದಲು ಹೊರಡುವ ಮೊದಲು ಓಡುತ್ತಿರುವ ಆವೃತ್ತಿ ಯಾವುದೆಂದು ನೋಡಿಕೊಂಡರೆ ಅರ್ಧ ದಿನ ಉಳಿದೀತು.

2022ರ ಕೊನೆಗೆ ಬಂದ ರೂಬಿ 3.2 ದಿಕ್ಕನ್ನೇ ಬದಲಿಸಿತು. ರಿಚರ್ಡ್ ಶ್ನೀಮನ್ ‘ಡೆಡ್ ಎಂಡ್’ ಎಂಬ ಹೆಸರಿನಲ್ಲಿ ಕಟ್ಟಿದ್ದ ಜೆಮ್ (ರೂಬಿ ಲೈಬ್ರರಿ), ‘ಸಿಂಟ್ಯಾಕ್ಸ್ ಸಜೆಸ್ಟ್’ ಆಗಿ ರೂಬಿಯ ಜೊತೆಗೇ ಬಂತು. ಎಚ್ಚರಿಕೆ ಕೊಡುವುದನ್ನು ಬಿಟ್ಟರೆ ರೂಬಿಯ ಪಾರ್ಸರ್‌ಗೆ ಇಂಡೆಂಟೇಶನ್ ಲೆಕ್ಕಕ್ಕಿಲ್ಲ, ಈ ಜೆಮ್‌ಗೆ ಅದೇ ಸಾಕ್ಷಿ. ಇಂಡೆಂಟ್ ನೋಡಿ ಕೋಡನ್ನು ತುಂಡುಗಳಾಗಿ ವಿಂಗಡಿಸುತ್ತದೆ. ಯಾವ ತುಂಡನ್ನು ತೆಗೆದರೆ ಉಳಿದದ್ದು ಸರಿಹೋಗುತ್ತದೆ ಎಂದು ಹುಡುಕುತ್ತದೆ. ಆ ಕೆಲವು ಸಾಲುಗಳನ್ನಷ್ಟೇ ಮುಂದಿಡುತ್ತದೆ. ಕಾಮೆಂಟ್ ಹಾಕುತ್ತ ಹುಡುಕುತ್ತಿದ್ದವರ ಹಳೆಯ ಜಾಣ್ಮೆಯೇ ಇಲ್ಲಿ ಪ್ರೋಗ್ರಾಂ ಆಗಿದೆ. ಪಾರ್ಸರ್‌ನ ಮನಸ್ಸನ್ನು ಮನುಷ್ಯರು ಊಹಿಸಬೇಕಿದ್ದ ಕಾಲ ಹೋಗಿ, ಮನುಷ್ಯರ ಉದ್ದೇಶವನ್ನು ಯಂತ್ರವೇ ಊಹಿಸುವ ಕಾಲ ಬಂದದ್ದು ಇಲ್ಲಿಂದ.

ಅಷ್ಟರಲ್ಲಿ ಎಡಿಟರ್‌ಗಳ ಬೇಡಿಕೆಯೂ ಏರಿತ್ತು. ಟೈಪ್ ಮಾಡುತ್ತಿರುವಾಗ ಕೋಡು ಬಹುಪಾಲು ಹೊತ್ತು ಅಪೂರ್ಣವೇ. ಮೊದಲ ತಪ್ಪಿಗೇ ಕೈಚೆಲ್ಲುವ ಪಾರ್ಸರ್ ಅಲ್ಲಿ ಕೆಲಸಕ್ಕೆ ಬಾರದು. ಇದಕ್ಕೆ ಎರಡು ಉತ್ತರಗಳು ಹುಟ್ಟಿದವು. ಶಾಪಿಫೈಯ ಕೆವಿನ್ ನ್ಯೂಟನ್ ಕೈಯಿಂದಲೇ ಹೊಸ ಪಾರ್ಸರ್ ಬರೆಯಹೊರಟರು, ಅದೇ ‘ಪ್ರಿಸಂ’. ಯುಯಿಚಿರೊ ಕನೆಕೊ ವ್ಯಾಕರಣದ ಕಡತವನ್ನು ಉಳಿಸಿಕೊಂಡು, ಬೈಸನ್ ಜಾಗಕ್ಕೆ ರೂಬಿಯಲ್ಲೇ ಬರೆದ ‘ಲ್ರಾಮ’ವನ್ನು ತಂದರು. 2023ರ ರೂಬಿ 3.3ರಲ್ಲಿ ಎರಡೂ ಸೇರಿದವು. ಮರುವರ್ಷದ 3.4ರಲ್ಲಿ ಪ್ರಿಸಂ ಮುಖ್ಯ ಪಾರ್ಸರ್ ಆಯಿತು. ಅದು ಒಂದು ತಪ್ಪಿಗೆ ನಿಲ್ಲದೆ ಮುಂದಿನವನ್ನೂ ಹುಡುಕುತ್ತದೆ, ಸುತ್ತಲಿನ ಸಾಲುಗಳನ್ನು ತೋರಿಸಿ ತಪ್ಪಿನ ಕೆಳಗೆ ಗುರುತು ಹಾಕುತ್ತದೆ.

ಹಳೆಯ ಪಾರ್ಸರ್ ಅಷ್ಟಕ್ಕೇ ಮನೆ ಬಿಟ್ಟಿಲ್ಲ. ಒಂದು ಕಡತ ಹೊಸ ಪಾರ್ಸರ್‌ನಲ್ಲಿ ಮಾತ್ರ ಮುಗ್ಗರಿಸುತ್ತಿದೆಯೇ ಎಂಬ ಅನುಮಾನ ಬಂದರೆ, 3.4ಕ್ಕೆ ‘ಪಾರ್ಸರ್’ ಎಂಬ ಆಯ್ಕೆಯಲ್ಲಿ ‘ಪಾರ್ಸ್.ವೈ’ ಎಂದು ಕೊಟ್ಟು ಅದೇ ಕಡತವನ್ನು ಹಳೆಯದರಿಂದ ಓದಿಸಿ ಹೋಲಿಸಿ ನೋಡಬಹುದು.