ಟೈಲ್ಸ್ ಹಾಕಿಸುವ ಮುನ್ನ ರಾತ್ರಿಯಿಡೀ ನೀರಲ್ಲಿ ನೆನೆಸಲೇಬೇಕೇ?

“ಯಾವುದೇ ಟೈಲ್ಸ್ ಆಗಲಿ, ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ. ಜನ್ಮದಲ್ಲಿ ಕಿತ್ತು ಬರಲ್ಲ.” ಮನೆ ಕಟ್ಟಿಸುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಲಹೆ ಓಡಾಡುತ್ತಿರುತ್ತದೆ. ಇದು ಅರ್ಧ ಸತ್ಯ.

ಮೊದಲು ನಿಜವಾದ ಅರ್ಧ ನೋಡೋಣ. ಬಾತ್‌ರೂಮ್, ಅಡುಗೆಮನೆ ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸ್‌ನ ಮೇಲ್ಮೈಗೆ ಮಾತ್ರ ಗಾಜಿನಂಥ ಲೇಪ. ಒಳಗಿನದು ಸುಟ್ಟ ಮಣ್ಣು, ಸಣ್ಣ ರಂಧ್ರಗಳೇ ತುಂಬಿರುತ್ತವೆ. ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಕುಡಿಯಬಲ್ಲದು. ಒಣಗಿದ್ದಾಗಲೇ ಸಿಮೆಂಟಿನ ಮೇಲೆ ಇಟ್ಟರೆ ಅದರ ನೀರನ್ನೆಲ್ಲ ಹೀರಿಬಿಡುತ್ತದೆ. ಗಟ್ಟಿಯಾಗಲು ನೀರೇ ಸಿಗದ ಸಿಮೆಂಟ್ ಪುಡಿಪುಡಿಯಾಗುತ್ತದೆ. ಅದಕ್ಕೇ ಮೇಸ್ತ್ರಿಗಳು ನೆನೆಸುತ್ತಾರೆ. ಅದಕ್ಕೂ ರಾತ್ರಿಯಿಡೀ ಬೇಕಿಲ್ಲ, ನೀರಲ್ಲಿ ಗುಳ್ಳೆ ಏಳುವುದು ನಿಂತರೆ ಸಾಕು.

ಈಗ ವಿಟ್ರಿಫೈಡ್ ಟೈಲ್ಸ್. ಜೇಡಿಮಣ್ಣಿಗೆ ಫೆಲ್ಡ್‌ಸ್ಪಾರ್, ಸ್ಫಟಿಕಶಿಲೆಯ ಪುಡಿ ಸೇರಿಸಿ, ಒತ್ತಿ, ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಡುತ್ತಾರೆ. ಒಳಗಿನ ರಂಧ್ರಗಳು ಕರಗಿದ ಗಾಜಿನಿಂದ ಮುಚ್ಚಿಹೋಗುತ್ತವೆ. ಇದು ಹೀರುವ ನೀರು ಶೇ. 0.5ಕ್ಕಿಂತ ಹೆಚ್ಚಿರುವುದಿಲ್ಲ. ಎರಡು ದಿನ ನೆನೆಸಿದರೂ ಅಷ್ಟೇ! ನೆನೆಸಿದ್ದರಿಂದ ಹಿಂಬದಿಗೆ ನೀರಿನ ಪೊರೆ ಅಂಟಿ ಹಿಡಿತ ಇನ್ನಷ್ಟು ಸಡಿಲವಾಗಬಹುದು. ಸಿಮೆಂಟ್ ಹಾಲಿಗೆ ಒಳಗಿಳಿಯಲು ರಂಧ್ರವೇ ಇಲ್ಲ. ಆದ್ದರಿಂದ ಇದಕ್ಕೆ ಪಾಲಿಮರ್ ಬೆರೆತ ಟೈಲ್ಸ್ ಅಂಟೇ ಬೇಕು. ಆ ಅಂಟು ಬಳಸುವಾಗ ಸೆರಾಮಿಕ್ ಅನ್ನೂ ಸಾಮಾನ್ಯವಾಗಿ ನೆನೆಸುವುದಿಲ್ಲ, ಹಿಂಬದಿಯ ಧೂಳು ಒರೆಸಿದರೆ ಸಾಕು.

ನೆಲದಲ್ಲಿ ಈ ತಪ್ಪಾದರೆ ಟೈಲ್ಸ್ ಅಲುಗಾಡುತ್ತದೆ, ಅಷ್ಟೇ. ಬಾತ್‌ರೂಮಿನ ಗೋಡೆಯಲ್ಲಾದರೆ ಸ್ನಾನ ಮಾಡುವವರ ತಲೆಯ ಮೇಲೆ ಬೀಳುವುದು ಹಲವು ಕಿಲೋ ತೂಕದ ದೊಡ್ಡ ಹಲಗೆ. ಅಂಟಿನ ಖರ್ಚು ಉಳಿಸುವ ಜಾಗ ಇದಲ್ಲ ಎಂಬುದು ನಮ್ಮ ಅಭಿಪ್ರಾಯ. ಈಗಾಗಲೇ ಹಾಕಿಸಿದ್ದರೆ ನಾಣ್ಯದಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಹಿಂದೆ ಅಂಟು ಹಿಡಿದಿಲ್ಲ.

ಅಂಗಡಿಯಲ್ಲಿ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಹೊಳಪು ನೋಡಬೇಡಿ, ಎರಡೂ ಹೊಳೆಯುತ್ತವೆ. ಟೈಲ್ಸ್ ಮಗುಚಿ ಹಿಂಬದಿಗೆ ನಾಲ್ಕು ಹನಿ ನೀರು ಹಾಕಿ. ಸೆರಾಮಿಕ್ ಕೆಲವೇ ನಿಮಿಷಗಳಲ್ಲಿ ಹೀರುತ್ತದೆ, ವಿಟ್ರಿಫೈಡ್ ಮೇಲೆ ಹನಿ ಹಾಗೇ ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ ಗುಂಪಿನ ಗುರುತು ಇದ್ದರೆ ಅದನ್ನೂ ಓದಿ: ಐಎಸ್‌ಒ 13006ರ ಲೆಕ್ಕದಲ್ಲಿ ‘ಬಿ-1ಎ’ ಎಂದರೆ ಶೇ. 0.5ರೊಳಗೆ ನೀರು ಹೀರುವಂಥದ್ದು, ‘ಬಿ-3’ ಎಂದರೆ ಶೇ. 10ಕ್ಕಿಂತ ಹೆಚ್ಚು.

ಇನ್ನೊಂದು ಮಾತು. ವಿಟ್ರಿಫೈಡ್ ಗಟ್ಟಿ ಎಂದು ಪಾಲಿಶ್ ಆದದ್ದನ್ನೇ ಬಾತ್‌ರೂಮ್ ನೆಲಕ್ಕೂ ಹಾಕಿಸಬೇಡಿ. ಸೋಪಿನ ನೀರು ಬಿದ್ದರೆ ಮನೆಯ ಹಿರಿಯರು ಜಾರುತ್ತಾರೆ. ಅಲ್ಲಿಗೆ ಬೇಕಿರುವುದು ಒರಟು ಮೇಲ್ಮೈ. ಜಾರುವಿಕೆಯ ಅಳತೆ ಆರ್‌9ರಿಂದ ಆರ್‌13ರವರೆಗೆ ಇರುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಆರ್‌10 ಅಥವಾ ಅದಕ್ಕಿಂತ ಮೇಲಿನದನ್ನು ಕೇಳಿ.