ಆಡಿಸ್ ಅಬಾಬದ ಧ್ವನಿಮುದ್ರಿಕೆಗಳು: ಒಂದು ಐತಿಹಾಸಿಕ ಪರಿಶೀಲನೆ

ಶಾಸನ, ನಾಣ್ಯ, ಕಡತ, ಇವಿಷ್ಟೇ ಇತಿಹಾಸದ ಆಕರಗಳೆಂಬ ಭಾವನೆ ನಮ್ಮ ತರಗತಿಗಳಲ್ಲಿ ಇನ್ನೂ ಪ್ರಬಲವಾಗಿದೆ. ಗ್ರಾಮಫೋನ್ ತಟ್ಟೆಯನ್ನು ಆಕರವೆಂದು ಗಣಿಸಿದವರು ವಿರಳ. ಇಥಿಯೋಪಿಯದ ರಾಜಧಾನಿಯಾದ ಆಡಿಸ್ ಅಬಾಬದಲ್ಲಿ 1969ರಿಂದ 1978ರ ವರೆಗೆ ಸುಮಾರು 500 ಚಿಕ್ಕ ತಟ್ಟೆಗಳು ಹೊರಬಂದುವು. ಅವುಗಳ ಮೂಲಕ ಆ ದೇಶದ ರಾಜ್ಯಾಧಿಕಾರಕ್ಕೂ ಸಂಗೀತಕ್ಕೂ ಇದ್ದ ಸಂಬಂಧವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಸಂಗೀತದ ಮೂಲವನ್ನು ರಾತ್ರಿಯ ಪಾನಗೃಹಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಅದು ಇರುವುದು ಅರಮನೆಯಲ್ಲಿ. 1924ರಲ್ಲಿ ರಾಜಪ್ರತಿನಿಧಿಯಾಗಿದ್ದ ರಾಸ್ ತಫಾರಿ, ಮುಂದಿನ ಹೈಲೆ ಸೆಲಾಸಿ ಚಕ್ರವರ್ತಿ, ಜೆರೂಸಲೆಮಿನಲ್ಲಿ ಆರ್ಮೇನಿಯದ ಅನಾಥ ಬಾಲಕರ ವಾದ್ಯಮೇಳವನ್ನು ಕಂಡು ಆ ನಲವತ್ತು ಮಂದಿಯನ್ನೂ ತನ್ನ ರಾಜಧಾನಿಗೆ ಕರೆಸಿಕೊಂಡನು. ಅವರ ನಾಯಕನಾದ ಕೆವೊರ್ಕ್ ನಲ್ಬಂದಿಯನ್ ಸಾಮ್ರಾಜ್ಯದ ರಾಷ್ಟ್ರಗೀತೆಗೆ ಸ್ವರ ಸಂಯೋಜಿಸಿದನು. ಕ್ರಮೇಣ ಅಂಗರಕ್ಷಕ ದಳ, ಪೋಲೀಸು, ಸೇನೆ ಇವುಗಳಿಗೆಲ್ಲ ಮೇಳಗಳಾದುವು. ತುತೂರಿ, ಸ್ಯಾಕ್ಸೊಫೋನುಗಳನ್ನು ಬಲ್ಲವರೆಲ್ಲ ಬಹುಮಟ್ಟಿಗೆ ಸರ್ಕಾರದ ಸಂಬಳಗಾರರೇ ಆಗಿದ್ದರು.

1943ರಲ್ಲಿ ಜಿಮ್ಮಾ ಪಟ್ಟಣದಲ್ಲಿ ಜನಿಸಿದ ಮುಲಾತು ಅಸ್ತಾತ್ಕೆ ಈ ಚೌಕಟ್ಟಿನ ಹೊರಗಿನಿಂದ ಬಂದವರು. ಲಂಡನ್ನಿನಲ್ಲಿಯೂ ಬಾಸ್ಟನ್ನಿನ ಬರ್ಕ್ಲಿ ವಿದ್ಯಾಲಯದಲ್ಲಿಯೂ ಕಲಿತು, ತಮ್ಮ ನಾಡಿನ ಐದು ಸ್ವರಗಳ ಮೇಳಕ್ರಮಗಳನ್ನು ಜಾಜ್ ಸಂಗೀತದೊಡನೆ ಹೊಂದಿಸಲು ತೊಡಗಿದರು. ‘ತಿಜಿತಾ’ ಎಂಬ ಕ್ರಮದ ಒಂದು ಭೇದದಲ್ಲಿ ನಮ್ಮ ಮೋಹನರಾಗದ ಸ್ವರಗಳೇ ಇವೆ. ಸಂಚಾರ ಮಾತ್ರ ಬೇರೆ. ಪಾಶ್ಚಾತ್ಯರ ಸ್ವರಮೈತ್ರಿಯು ಈ ಐದು ಸ್ವರಗಳನ್ನು ನುಂಗಿಬಿಡದಂತೆ ನೋಡಿಕೊಂಡುದರಲ್ಲಿಯೇ ಅವರ ಸಾಧನೆಯಿದೆಯೆಂದು ನಮ್ಮ ಅಭಿಪ್ರಾಯ.

ತಟ್ಟೆಗಳನ್ನು ಹೊರತರುವ ಹಕ್ಕು ಚಕ್ರವರ್ತಿಯ ಆಜ್ಞೆಯಂತೆ ಹಾಗೆರ್ ಫಿಕಿರ್ ಎಂಬ ನಾಟಕಸಂಸ್ಥೆಗೆ ಮಾತ್ರ ಮೀಸಲಾಗಿತ್ತು. 1969ರಲ್ಲಿ ಅಮ್ಹಾ ಎಶೆತೆ ಎಂಬ ತರುಣ ವ್ಯಾಪಾರಿಯು ಈ ಆಜ್ಞೆಯನ್ನು ಲೆಕ್ಕಿಸದೆ ತನ್ನ ಹೆಸರಿನಲ್ಲಿಯೇ ಧ್ವನಿಮುದ್ರಿಕೆಗಳನ್ನು ಪ್ರಕಟಿಸಿದನು. ವೃದ್ಧ ಪ್ರಭುತ್ವವು ಅವನನ್ನು ತಡೆಯಲಿಲ್ಲ. ಮುಲಾತು ಅವರ ‘ಮುಲಾತು ಆಫ್ ಇಥಿಯೋಪಿಯ’ 1972ರಲ್ಲಿ ನ್ಯೂಯಾರ್ಕಿನಿಂದ ಬಂದಿತು. ಮರುವರ್ಷ ಡ್ಯೂಕ್ ಎಲಿಂಗ್ಟನ್ ಆಡಿಸ್ ಅಬಾಬಕ್ಕೆ ಬಂದಾಗ ಅವನೊಡನೆ ಇದ್ದವರಲ್ಲಿ ಮುಲಾತು ಒಬ್ಬರು.

1974ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿಯು ಪದಚ್ಯುತನಾದನು. ‘ದೆರ್ಗ್’ ಎಂಬ ಸೈನಿಕ ಮಂಡಲಿಯ ಆಳ್ವಿಕೆಯಲ್ಲಿ ರಾತ್ರಿ ನಿರ್ಬಂಧ ಜಾರಿಗೆ ಬಂದಿತು. 1975ರಲ್ಲಿ ಅಮ್ಹಾ ದೇಶ ಬಿಟ್ಟನು. ಸಂಗೀತವು ಅಲ್ಲಿಗೆ ಸತ್ತಿತೆಂದು ಬರೆಯುವವರುಂಟು. ಇದನ್ನು ನಾವು ಒಪ್ಪಲಾರೆವು. ವಾಲಿಯಾಸ್ ಮೇಳದ ‘ಚೆ ಬೆಲೆವ್’ ಎಂಬ ಮುದ್ರಿಕೆ ಹೊರಬಂದುದು 1977ರಲ್ಲಿ, ಭೀಕರ ಹತ್ಯೆಗಳ ಕಾಲದಲ್ಲಿ. ಈ ಮೇಳವು ಹಿಲ್ಟನ್ ಹೋಟೆಲಿನಲ್ಲಿ ಬೆಳಗಿನ ವರೆಗೂ ನುಡಿಸುತ್ತಿತ್ತು. ನಿರ್ಬಂಧದಿಂದಾಗಿ ಕೇಳುಗರು ಮನೆಗೆ ಹೋಗುವಂತಿರಲಿಲ್ಲವಷ್ಟೆ! ತಟ್ಟೆಗಳು ನಿಂತುದಕ್ಕೆ ಬಂದೂಕಿನಷ್ಟೇ ಅಗ್ಗದ ಕ್ಯಾಸೆಟ್ಟೂ ಕಾರಣ.

ಅದೇ ಮೇಳದ ಹೈಲು ಮೆರ್ಗಿಯಾ 1981ರಲ್ಲಿ ಅಮೆರಿಕಕ್ಕೆ ಹೋದವರು ಅಲ್ಲಿಯೇ ಉಳಿದರು. 1985ರಲ್ಲಿ ಅವರೊಬ್ಬರೇ ಅಕಾರ್ಡಿಯನ್, ವಿದ್ಯುತ್ ಪಿಯಾನೊ, ಸಿಂಥಸೈಸರುಗಳನ್ನು ನುಡಿಸಿ ಒಂದು ಕ್ಯಾಸೆಟ್ಟನ್ನು ಸಿದ್ಧಪಡಿಸಿದರು. ಮೇಳದ ಸ್ಥಾನವನ್ನು ಯಂತ್ರವು ವಹಿಸಿಕೊಂಡ ಈ ಸಂದರ್ಭವು ವಿಶೇಷ ಗಮನಕ್ಕೆ ಅರ್ಹವಾದುದು. ಮುಂದೆ ಅವರು ವಾಷಿಂಗ್ಟನ್ನಿನಲ್ಲಿ ಟ್ಯಾಕ್ಸಿ ನಡೆಸಿದರು. ಪ್ರಯಾಣಿಕರಿಲ್ಲದ ವೇಳೆಯಲ್ಲಿ ಕಾರಿನಲ್ಲಿಯೇ ಅಭ್ಯಾಸ ಮಾಡುತ್ತಿದ್ದರು. ಬಾಹಿರ್ ದಾರ್ ಪಟ್ಟಣದಲ್ಲಿ ಅಮೆರಿಕದ ಸಂಗ್ರಾಹಕನೊಬ್ಬನಿಗೆ ದೊರೆತ ಆ ಕ್ಯಾಸೆಟ್ಟು 2013ರಲ್ಲಿ ಮರುಪ್ರಕಟವಾಯಿತು.

ಇಂತಹ ಮರುಪ್ರಕಟಣೆಗಳಲ್ಲಿ ಪ್ರಮುಖವಾದುದು ಫ್ರಾನ್ಸಿಸ್ ಫಾಲ್ಸೆತೊ 1997ರಲ್ಲಿ ಪ್ಯಾರಿಸಿನಿಂದ ಆರಂಭಿಸಿದ ‘ಇಥಿಯೋಪಿಕ್’ ಮಾಲೆ. ಅವರ ಪರಿಶ್ರಮಕ್ಕೆ ಇತಿಹಾಸಕಾರರೆಲ್ಲರೂ ಋಣಿಗಳು. ಆದರೂ ‘ಶೋಧ’ ಎಂಬ ಪದವನ್ನು ಎಚ್ಚರದಿಂದ ಬಳಸಬೇಕು. ಬಾಹಿರ್ ದಾರಿನಲ್ಲಿ ಆ ಕ್ಯಾಸೆಟ್ಟನ್ನು ಮಾರುತ್ತಿದ್ದವನಿಗೆ ಅದು ಕಳೆದುಹೋಗಿರಲಿಲ್ಲ.

ಮಿಕಾಯೆಲ್ ಸೈಫು ಎಂಬ ತರುಣರು ನ್ಯೂಜೆರ್ಸಿಯಲ್ಲಿ ಕಲಿತು ಆಡಿಸ್ ಅಬಾಬಕ್ಕೆ ಮರಳಿ, ನಾಡವಾದ್ಯಗಳ ಧ್ವನಿಯನ್ನು ಗಣಕಯಂತ್ರದ ಲಯದೊಡನೆ ಬೆಸೆದರು. ಎಂದೆಗುಯೆನಾ ಮುಲು ಅವರದೂ ಇದೇ ಮಾರ್ಗ. ಇಬ್ಬರ ಮುದ್ರಿಕೆಗಳೂ 2014ರಲ್ಲಿ ಪ್ರಕಟವಾದುವು. ಆದರೆ ಆಡಿಸ್ ಅಬಾಬದಲ್ಲಲ್ಲ, ಮೆರ್ಗಿಯಾ ಟ್ಯಾಕ್ಸಿ ನಡೆಸಿದ ವಾಷಿಂಗ್ಟನ್ನಿನಲ್ಲಿ.